ತಾಯಿ ಬಿಟ್ಟ ಕಪ್ಪು ಕರಡಿ ಮರಿ: ಗುರುತಿಸುವುದು ಹೇಗೆ, ಮಾಡಬೇಕಾದ್ದೇನು

ಉತ್ತರ ಅಮೆರಿಕದ ಕಾಡಂಚಿನಲ್ಲಿ ಮೇ, ಜೂನ್ ತಿಂಗಳಲ್ಲಿ ಒಂಟಿಯಾಗಿ ಅಲೆಯುವ ಸಣ್ಣ ಕಪ್ಪು ಕರಡಿ ಕಂಡರೆ ಅದು ತಬ್ಬಲಿ ಎಂದು ತೀರ್ಮಾನಿಸಬೇಡಿ. ಬಹುಮಟ್ಟಿಗೆ ಅದು ತಾಯಿಯೇ ಬೇರೆ ಮಾಡಿದ ಮರಿ. ಅದನ್ನು ಹಿಡಿಯುವುದು, ಅದಕ್ಕೆ ಉಣಿಸುವುದು ಎರಡೂ ಅದಕ್ಕೆ ಕೇಡು.

ಮೊದಲು ವಯಸ್ಸು ನೋಡಿ. ಮರಿಗಳು ಹುಟ್ಟುವುದು ಜನವರಿಯಲ್ಲಿ ಅಥವಾ ಫೆಬ್ರವರಿಯ ಆರಂಭದಲ್ಲಿ, ಗವಿಯೊಳಗೆ. ಮೊದಲ ಬೇಸಿಗೆಯನ್ನೂ ಮರುವರ್ಷದ ಚಳಿಗಾಲವನ್ನೂ ತಾಯಿಯ ಜೊತೆಯಲ್ಲೇ ಕಳೆದು, ಸುಮಾರು 16–17 ತಿಂಗಳಾದಾಗ ಬೇರೆಯಾಗುತ್ತವೆ. ಆ ವರ್ಷವೇ ಹುಟ್ಟಿದ ಮರಿ ಮೇ ತಿಂಗಳಲ್ಲಿ ಬೆಕ್ಕಿನಷ್ಟೇ ಇರುತ್ತದೆ. ತಾಯಿಯಿಲ್ಲದೆ ಅದು ಬದುಕುವುದು ಕಷ್ಟ. ಹಿಂದಿನ ವರ್ಷದ್ದು ನಾಯಿಯ ಗಾತ್ರದ್ದು: ನೀಳ ಕಾಲು, ಸಪೂರ ಮೋರೆ, ತಲೆಗೆ ಹೋಲಿಸಿದರೆ ದೊಡ್ಡದಾಗಿ ಎದ್ದುನಿಂತ ಕಿವಿ. ಚಳಿಗಾಲ ಕಳೆದು ಬಂದದ್ದರಿಂದ ಬಡಕಲಾಗಿ ಕಾಣುತ್ತದೆ. ಬಡಕಲು ಎಂದ ಮಾತ್ರಕ್ಕೆ ಕಾಯಿಲೆಯಲ್ಲ. ತೂಕವನ್ನು ಮಾತ್ರ ನಂಬಬೇಡಿ. ಮೇವು ಚೆನ್ನಾಗಿದ್ದ ಕಡೆಯ ಮರಿ ಬರಡು ಕಡೆಯ ಮರಿಗಿಂತ ಎರಡು ಪಟ್ಟು ತೂಗಬಹುದು.

ಬೇರೆಯಾಗುವುದಕ್ಕೆ ಕಾರಣ ತಾಯಿ ಬೆದೆಗೆ ಬರುವುದು. ಮೊಲೆಯೂಡಿಸುವಾಗ ಅದು ಬೆದೆಗೆ ಬರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮರಿ ಹಾಕುತ್ತದೆ, ಆಹಾರ ಕಡಿಮೆಯಾದ ಕಡೆ ಇನ್ನೂ ತಡವಾಗಿ. ಗಂಡು ಹತ್ತಿರ ಸುಳಿಯತೊಡಗಿದಾಗ ವರ್ಷ ದಾಟಿದ ಮರಿಗಳು ಅಲ್ಲಿರುವುದು ಅಪಾಯ. ದೊಡ್ಡ ಗಂಡು ಅವನ್ನು ಕೊಂದೂ ಬಿಡಬಹುದು. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡುವವರಿಗೆ ಕಾಣುವ ಸೂಚನೆಗಳಿವು: ಮರಿ ಹತ್ತಿರ ಬಂದರೆ ತಾಯಿ ಬುಸುಗುಟ್ಟುತ್ತದೆ, ದವಡೆ ಕಟಕಟಿಸುತ್ತದೆ, ನೆಲಕ್ಕೆ ಪಂಜ ಬಡಿಯುತ್ತದೆ, ಕೆಲವೊಮ್ಮೆ ಅಟ್ಟಿಸಿಕೊಂಡು ಹೋಗಿ ಮರ ಹತ್ತಿಸುತ್ತದೆ. ಮರಿ ಗಂಟೆಗಟ್ಟಲೆ ಮರದಲ್ಲೇ ನರಳುತ್ತಾ ಕೂರಬಹುದು. ಕೆಲವು ತಾಯಂದಿರು ಬೆದರಿಸುವುದೇ ಇಲ್ಲ, ಸುಮ್ಮನೆ ಬಿಟ್ಟು ಹೊರಟುಬಿಡುತ್ತವೆ. ಕೆಲವು ಮರಿಗಳು ಕೆಲವು ದಿನಗಳ ಮಟ್ಟಿಗೆ ಮತ್ತೆ ತಾಯಿಯನ್ನು ಕೂಡಿಕೊಳ್ಳುವುದೂ ಉಂಟು. ಒಡಹುಟ್ಟಿದವು ಒಂದಷ್ಟು ಕಾಲ ಜೊತೆಯಾಗಿ ತಿರುಗುತ್ತವೆ. ಹೆಣ್ಣುಮರಿ ಹೆಚ್ಚಾಗಿ ತಾಯಿಯ ನೆಲೆಯ ಒಂದು ಭಾಗದಲ್ಲೇ ಉಳಿಯುತ್ತದೆ. ಗಂಡು ಮುಂದೆ ಬಹುದೂರ ವಲಸೆ ಹೋಗುತ್ತದೆ. ಊರೊಳಗೆ ಸಿಕ್ಕಿಬೀಳುವುದು ಹೆಚ್ಚಾಗಿ ಇಂಥ ಅಲೆಮಾರಿ ಗಂಡೇ.

ಮರಿ ಹತ್ತಿರ ಬಂದರೆ ಹೀಗೆ ಮಾಡಿ:

1. ಕನಿಷ್ಠ 50 ಮೀಟರ್ ದೂರ ನಿಲ್ಲಿ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ನಿಯಮದಂತೆ 91 ಮೀಟರ್ (100 ಗಜ). ಮರ ಹತ್ತಿದ್ದರೆ ಜನರನ್ನೂ ನಾಯಿಗಳನ್ನೂ ಅಲ್ಲಿಂದ ಕಳಿಸಿ. ಬುಡದಲ್ಲಿ ಗುಂಪು ನೆರೆದಷ್ಟೂ ಅದು ಇಳಿಯದು. ಕತ್ತಲಾದ ಮೇಲೆ ತಾನೇ ಇಳಿದು ಹೋಗುತ್ತದೆ.

2. ಅಂಗಳಕ್ಕೆ ಬಂದರೆ ಮನೆಯೊಳಗಿಂದ, ಅದು ಓಡಿಹೋಗಲು ದಾರಿ ಬಿಟ್ಟು, ಜೋರಾಗಿ ಕೂಗಿ, ಪಾತ್ರೆ ಬಡಿಯಿರಿ. ಬಂದ ಮೊದಲ ಸಲವೇ ಓಡಿಸಬೇಕು. ತಿಂದು ಹೋದ ಮೇಲೆ ಗದರಿದರೆ ಗದರಿಕೆಯ ನೆನಪಿಗಿಂತ ತಿಂಡಿಯ ನೆನಪೇ ಗಟ್ಟಿ.

3. ಹಕ್ಕಿಗಳಿಗೆ ಕಾಳು ಇಡುವ ಪೆಟ್ಟಿಗೆ, ಸಾಕುಪ್ರಾಣಿಯ ತಟ್ಟೆ, ಮಾಂಸ ಸುಡುವ ಒಲೆಯ ಎಣ್ಣೆ ತಟ್ಟೆ, ಎಲ್ಲವನ್ನೂ ತೆಗೆದಿಡಿ. ಕಸವನ್ನು ಹಿಂದಿನ ರಾತ್ರಿಯಲ್ಲ, ಒಯ್ಯುವ ದಿನದ ಬೆಳಿಗ್ಗೆ ಹೊರಗಿಡಿ. ಜೇನುಪೆಟ್ಟಿಗೆ, ಕೋಳಿಗೂಡುಗಳಿಗೆ ವಿದ್ಯುತ್ ಬೇಲಿ ಹಾಕಿ. ತಂತಿಗೆ ಹುಲ್ಲು ತಾಗಿದರೆ ವಿದ್ಯುತ್ ಸೋರಿ ಬೇಲಿ ನಿರರ್ಥಕವಾಗುತ್ತದೆ; ಅದಕ್ಕೇ ಬುಡದ ಹುಲ್ಲು ಕತ್ತರಿಸುತ್ತಿರಿ, ವೋಲ್ಟ್ ಮೀಟರ್‌ನಿಂದ ಆಗಾಗ ಪರೀಕ್ಷಿಸಿ.

ಇಲ್ಲಿ ಅತಿ ಹೆಚ್ಚು ತಪ್ಪುವುದು ಕನಿಕರದಿಂದ. "ಪಾಪ, ಹಸಿದಿದೆ" ಎಂದು ಹಾಕಿದ ಒಂದು ತುಣುಕು ಸಾಕು, ಮನೆ ಎಂದರೆ ಊಟ ಎಂದು ಮರಿ ಕಲಿತುಬಿಡುತ್ತದೆ. ಬೇರೆ ಕಡೆ ಒಯ್ದು ಬಿಟ್ಟರೂ ಹಲವು ಕರಡಿಗಳು ಹಿಂತಿರುಗುತ್ತವೆ, ಇಲ್ಲವೇ ಹೊಸ ಊರಲ್ಲಿ ಅದೇ ಚಾಳಿ ಮುಂದುವರಿಸುತ್ತವೆ. ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ. ಹುಲ್ಲು, ಎಳೆ ಚಿಗುರು, ಇರುವೆ, ಅದರ ಮೊಟ್ಟೆಗಳನ್ನು ಹುಡುಕುವುದು ಮರಿ ತಾಯಿಯ ಜೊತೆಗಿದ್ದಾಗಲೇ ಕಲಿತ ವಿದ್ಯೆ. ಹಣ್ಣುಗಳು ಮಾಗುವವರೆಗೆ ಅರೆಹೊಟ್ಟೆಯೇ ಸರಿ.

ರಾಜ್ಯದ ಅಥವಾ ಪ್ರಾಂತ್ಯದ ವನ್ಯಜೀವಿ ಇಲಾಖೆಗೆ ಕರೆ ಮಾಡಬೇಕಾದ್ದು ಇಂಥ ಸಂದರ್ಭಗಳಲ್ಲಿ: ಮರಿ ಆ ವರ್ಷದ್ದೇ ಆಗಿದ್ದು ತಾಯಿ ಸತ್ತಿರುವುದು ಖಚಿತವಾದಾಗ, ಗಾಯವಾದಾಗ ಅಥವಾ ಕಾಲೆಳೆಯುತ್ತಿರುವಾಗ, ಮೈಕೂದಲು ಉದುರಿ ಚರ್ಮ ಕಜ್ಜಿಗಟ್ಟಿದಾಗ, ಹೆದರಿಸಿದರೂ ಜನರತ್ತಲೇ ನಡೆದು ಬಂದಾಗ. ಕರೆ ಮಾಡುವಾಗ ಜಾಗ, ಹೊತ್ತು, ಗಾತ್ರ, ಕಿವಿಯಲ್ಲಿ ಗುರುತಿನ ಬಿಲ್ಲೆ ಇದೆಯೇ ಎಂಬುದನ್ನು ಹೇಳಿ.