ಆರ್ಕೆಸ್ಟ್ರೇಶನ್ ಬರೆಯುವುದು ಹೇಗೆ: ವಾದ್ಯಮೇಳ, ಊಟದ ಪಂಕ್ತಿ, ಆನ್‌ಲೈನ್ ಆರ್ಡರ್

ಆರ್ಕೆಸ್ಟ್ರಾ ಎಂದರೆ ನಮ್ಮ ಕಡೆ ಗಣಪತಿ ಪೆಂಡಾಲಿನ ಕೀಬೋರ್ಡು, ರಿದಮ್ ಪ್ಯಾಡು, ಇಬ್ಬರು ಗಾಯಕರು. ಆರ್ಕೆಸ್ಟ್ರೇಶನ್ ಎಂಬ ಮಾತು ಮಾತ್ರ ಈಗ ಸಾಫ್ಟ್‌ವೇರ್ ಕಂಪನಿಗಳಲ್ಲೂ ಮ್ಯಾನೇಜರುಗಳ ಬಾಯಲ್ಲೂ ಧಾರಾಳವಾಗಿ ಓಡಾಡುತ್ತಿದೆ. ಅಲಂಕಾರ ಕಳಚಿದರೆ ಉಳಿಯುವುದು ಒಂದು ಹಾಳೆ, ಅದರಲ್ಲಿ ನಾಲ್ಕು ಕಾಲಂ: ಯಾರು ಮಾಡಬೇಕು, ಯಾವುದು ಆದಮೇಲೆ ಶುರು ಮಾಡಬೇಕು, ಎಷ್ಟು ಹೊತ್ತು ಕಾಯಬೇಕು, ಆಗದೇ ಹೋದರೆ ಏನು. ಮೊದಲ ಕಾಲಂ ಎಲ್ಲರೂ ತುಂಬುತ್ತಾರೆ. ಕೆಲಸ ಕೆಡುವುದು ಉಳಿದ ಮೂರು ಖಾಲಿ ಬಿದ್ದಾಗ. ಆ ಮೂರನ್ನು ತುಂಬುವ ಬಗೆಯೇ ಮುಂದಿನ ವಿಷಯ.

ಭಾಗವತರು ಬೇಕೋ ಬೇಡವೋ

ಯಕ್ಷಗಾನದಲ್ಲಿ ಭಾಗವತರು ಪದ ಹೇಳುತ್ತಲೇ ತಾಳ ಹಿಡಿದು ಮದ್ದಳೆ, ಚೆಂಡೆ, ವೇಷಧಾರಿ ಮೂವರನ್ನೂ ನಡೆಸುತ್ತಾರೆ. ಕುಣಿತ ಇನ್ನೂ ಬೇಕೆನಿಸಿದರೆ ಸಾಲನ್ನು ಮತ್ತೊಮ್ಮೆ ಎತ್ತುತ್ತಾರೆ, ಸಾಕೆನಿಸಿದರೆ ಮುಕ್ತಾಯ ಕೊಡುತ್ತಾರೆ. ಭಜನೆಯಲ್ಲಿ ಹಾಗಿಲ್ಲ, ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಕೇಳಿಸಿಕೊಂಡು ಹಿಡಿಯುತ್ತಾರೆ. ಕಂಪ್ಯೂಟರಿನವರು ಮೊದಲನೆಯದನ್ನು ಆರ್ಕೆಸ್ಟ್ರೇಶನ್ ಎನ್ನುತ್ತಾರೆ, ಎರಡನೆಯದನ್ನು ಕೋರಿಯಾಗ್ರಫಿ ಎನ್ನುತ್ತಾರೆ.

ಹಂತಗಳು ಎರಡು ಮೂರೇ ಇದ್ದು, ಆದ ಕೆಲಸವನ್ನು ವಾಪಸ್ ಮಾಡುವ ಪ್ರಮೇಯವೇ ಇಲ್ಲದಿದ್ದರೆ ಭಜನೆಯ ಕ್ರಮ ಸಾಕು. ‘ನನ್ನ ಆರ್ಡರ್ ಎಲ್ಲಿದೆ’ ಎಂದು ಗ್ರಾಹಕ ಕೇಳಿದಾಗ ನಾಲ್ಕು ಕಡೆಯ ಲಾಗ್ (ಪ್ರೋಗ್ರಾಂ ಬರೆದಿಡುವ ನಡೆದದ್ದರ ದಾಖಲೆ) ತಡಕಾಡಬೇಕಾಗಿ ಬಂದರೆ ಭಾಗವತರನ್ನು ಕೂರಿಸಿ. ಅದಕ್ಕೊಂದು ಬೆಲೆ ಇದೆ: ಅವರ ಗಂಟಲು ಕಟ್ಟಿದರೆ ಆಟವೇ ನಿಲ್ಲುತ್ತದೆ. ಆದ್ದರಿಂದ ಎಲ್ಲಿಯವರೆಗೆ ಬಂದಿದ್ದೇವೆ ಎಂಬುದು ನಡೆಸುವವರ ತಲೆಯಲ್ಲಿ ಮಾತ್ರ ಇರಬಾರದು, ಪ್ರಸಂಗದ ಪುಸ್ತಕದಲ್ಲೂ ಗುರುತಾಗಿರಬೇಕು.

ಒಂದು ರಾಗವನ್ನು ವಾದ್ಯಗಳಿಗೆ ಹಂಚುವುದು

ಒಂದು ಕೊಳಲು, ಒಂದು ಬಿ-ಫ್ಲಾಟ್ ಕ್ಲಾರಿನೆಟ್, ಒಂದು ಎಫ್ ಹಾರ್ನ್ (ಹಿತ್ತಾಳೆಯ ಊದುವಾದ್ಯ), ಎರಡು ಪಿಟೀಲು, ಅದೇ ಜಾತಿಯ ಒಂದಕ್ಕಿಂತ ಒಂದು ದೊಡ್ಡದಾದ ವಯೋಲಾ, ಚೆಲ್ಲೊ, ಡಬಲ್ ಬಾಸ್ ಇವೆ ಎಂದಿಟ್ಟುಕೊಳ್ಳಿ. ಇಲ್ಲಿ ಕೊಳಲು ಎಂದರೆ ಲೋಹದ ಪಾಶ್ಚಾತ್ಯ ಫ್ಲೂಟ್. ಪಿಟೀಲೂ ನಮ್ಮ ಸ-ಪ-ಸ-ಪ ಶ್ರುತಿಯದಲ್ಲ, ಜಿ-ಡಿ-ಎ-ಇ ಶ್ರುತಿಯದು (ಪಾಶ್ಚಾತ್ಯ ಸ್ವರಗಳಿಗೆ ಎ-ಯಿಂದ ಜಿ-ವರೆಗಿನ ಅಕ್ಷರಗಳೇ ಹೆಸರು). ನೇರವಾಗಿ ಎಂಟು ಸಾಲಿನ ಸ್ಕೋರಿಗೆ (ಎಲ್ಲ ವಾದ್ಯಗಳ ಸಾಲೂ ಒಟ್ಟಿಗಿರುವ ಹಾಳೆ) ಕೈ ಹಾಕಬೇಡಿ. ಮೊದಲು ಕೇಳುವ ಶ್ರುತಿಯಲ್ಲೇ ಮೂರು ಸಾಲು ಬರೆಯಿರಿ: ಮೇಲೆ ರಾಗ (ಇಲ್ಲಿ ಹಾಡಿನ ಮುಖ್ಯ ಧಾಟಿ ಎಂದರ್ಥ), ಕೆಳಗೆ ಬಾಸ್ (ತಳದ ಸ್ವರಗಳು), ನಡುವೆ ತುಂಬುವ ಸ್ವರಗಳು. ಮೂರು ಸಾಲಿನಲ್ಲಿ ಚೆಂದ ಕೇಳದ್ದು ಎಂಟು ಸಾಲಿನಲ್ಲೂ ಕೇಳುವುದಿಲ್ಲ.

ಆಮೇಲೆ ವಾದ್ಯದ ಹರವು ನೋಡಿ. ಪಿಟೀಲಿನ ಅತಿ ಕೆಳಗಿನ ಸ್ವರ ಮಧ್ಯದ ಸಿ-ಗಿಂತ (ಪಿಯಾನೊದ ನಟ್ಟನಡುವಿನ ಸಿ) ಕೆಳಗಿನ ಜಿ. ರಾಗ ಒಂದೇ ಒಂದು ಕಡೆ ಅದಕ್ಕಿಂತ ಕೆಳಗಿಳಿದರೂ ಆ ಸಾಲು ವಯೋಲಾಕ್ಕೆ ಹೋಗಬೇಕು. ಅದರ ತಳ ಇನ್ನೂ ಐದನೆಯ ಸ್ವರದಷ್ಟು ಕೆಳಗಿನ ಸಿ. ಚೆಲ್ಲೊ ಅದಕ್ಕೂ ಒಂದು ಸ್ಥಾಯಿ ಕೆಳಗೆ. ಕೊಳಲು ಮಧ್ಯದ ಸಿ-ಯಿಂದ ಮೇಲಕ್ಕೆ ನುಡಿಯುತ್ತದೆ, ಆದರೆ ಮೊದಲ ಸ್ಥಾಯಿಯಲ್ಲಿ ದನಿ ಮೆತ್ತಗೆ. ಕೀಬೋರ್ಡಿನಲ್ಲಿ ಕಂಪೋಸ್ ಮಾಡುವವರು ಎಡವುವುದು ಇಲ್ಲೇ. ಸ್ಯಾಂಪಲ್ (ಧ್ವನಿಮುದ್ರಿತ) ಕೊಳಲಿನ ವಾಲ್ಯೂಮ್ ಏರಿಸಿ ‘ಕೇಳುತ್ತದಲ್ಲ’ ಎಂದುಕೊಳ್ಳುತ್ತಾರೆ. ಸಭೆಯಲ್ಲಿ ನಿಜವಾದ ಕೊಳಲು ತಂತಿವಾದ್ಯಗಳ ಅಡಿಯಲ್ಲಿ ಮುಳುಗಿಹೋಗುತ್ತದೆ. ಒಂದು ಸ್ಥಾಯಿ ಮೇಲೆತ್ತಿ, ಇಲ್ಲವೇ ಆ ಹೊತ್ತಿಗೆ ತಂತಿಗಳನ್ನು ಸುಮ್ಮನಿರಿಸಿ.

ಜೋರಿನ ಲೆಕ್ಕಕ್ಕೆ ರಷ್ಯದ ಸಂಗೀತ ರಚನೆಕಾರ ರಿಮ್ಸ್ಕಿ-ಕೊರ್ಸಕೊವ್ ಕೊಟ್ಟ ಅಳತೆ ಈಗಲೂ ಕೈಹಿಡಿಯುತ್ತದೆ. ಜೋರಾಗಿ ನುಡಿಸುವಾಗ ಒಂದು ಟ್ರಂಪೆಟ್ಟಿಗೆ ಎರಡು ಹಾರ್ನ್ ಸಮ, ಒಂದು ಹಾರ್ನಿಗೆ ಎರಡು ಮರದ ಊದುವಾದ್ಯ ಸಮ. ಮೆಲ್ಲಗೆ ನುಡಿಸುವಾಗ ಒಂದಕ್ಕೊಂದು ಸರಿಸಮ. ನಮ್ಮ ಮೇಳದಲ್ಲಿ ಹಾರ್ನ್ ಒಂದೇ, ಕೊಳಲು-ಕ್ಲಾರಿನೆಟ್ ಒಟ್ಟಿಗೆ ಅದಕ್ಕೆ ಜೋಡಿ. ಮೂರಕ್ಕೂ ಒಂದೇ ಜೋರಿನ ಗುರುತು ಹಾಕಿ, ರಾಗವನ್ನು ಕ್ಲಾರಿನೆಟ್ ಒಂದಕ್ಕೇ ಕೊಟ್ಟರೆ ಹಾರ್ನ್ ಅದನ್ನು ನುಂಗುತ್ತದೆ.

ಇನ್ನು ಪ್ರತಿ ವಾದ್ಯದ ಹಾಳೆ. ಎಲ್ಲರಿಂದಲೂ ಜಿ ಸ್ವರ ಕೇಳಬೇಕಿದ್ದರೆ ಕ್ಲಾರಿನೆಟ್ಟಿನ ಹಾಳೆಯಲ್ಲಿ ಎ ಎಂದೂ ಹಾರ್ನಿನ ಹಾಳೆಯಲ್ಲಿ ಡಿ ಎಂದೂ ಬರೆಯಬೇಕು. ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ, ಹಾರ್ನ್ ಐದನೆಯ ಸ್ವರದಷ್ಟು ಕೆಳಗೆ ನುಡಿಯುತ್ತದೆ. ಡಬಲ್ ಬಾಸ್ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ. ರಿಹರ್ಸಲ್ಲಿನಲ್ಲಿ ಒಂದೇ ವಾದ್ಯ ಮೊದಲಿನಿಂದ ಕೊನೆಯವರೆಗೆ ಒಂದೇ ಅಂತರದಲ್ಲಿ ಅಪಸ್ವರ ನುಡಿದರೆ ನುಡಿಸುವವರನ್ನು ಬೈಯಬೇಡಿ, ಹಾಳೆ ತೆಗೆದು ನೋಡಿ.

ಉಸಿರಿಗೂ ಲೆಕ್ಕ ಬೇಕು. ನಿಮಿಷಕ್ಕೆ 60 ಬಡಿತದಲ್ಲಿ, ನಾಲ್ಕು ಬಡಿತದ ಅಳತೆಯ ನಾಲ್ಕು ಬಾರ್ (ನಮ್ಮ ತಾಳದ ಆವರ್ತದಂಥದ್ದು) ಎಂದರೆ 16 ಸೆಕೆಂಡು. ಜೋರಾಗಿ ಊದುವ ಕೊಳಲಿಗೆ ಇದು ದೀರ್ಘ. ಎರಡು ಬಾರ್ ಆದಮೇಲೆ ಉಸಿರಿನ ಗುರುತು ಹಾಕಿ. ನೀವು ಹಾಕದಿದ್ದರೆ ಅವರು ತಮಗೆ ತೋಚಿದಲ್ಲಿ ಉಸಿರೆಳೆಯುತ್ತಾರೆ, ಅದು ಸಾಲಿನ ನಟ್ಟನಡುವೆಯೇ ಇರುತ್ತದೆ.

ಹೊಸಬರು ಬಿಟ್ಟೇಬಿಡುವ ಕೆಲಸ ಕ್ಯೂ, ಅಂದರೆ ಪ್ರವೇಶದ ಸುಳಿವು ಬರೆಯುವುದು. ಹಾರ್ನಿನವರು 32 ಬಾರ್ ಸುಮ್ಮನೆ ಕೂತು 33ನೆಯದರಲ್ಲಿ ಎದ್ದು ನುಡಿಸಬೇಕು ಎಂದರೆ, ಎಣಿಕೆ ಒಮ್ಮೆ ತಪ್ಪಿದರೆ ಮುಗಿಯಿತು. ಅವರು ಪ್ರವೇಶಿಸುವ ಮೊದಲಿನ ಎರಡು ಬಾರ್‌ಗಳಲ್ಲಿ ಬೇರೆ ವಾದ್ಯ ನುಡಿಸುವುದನ್ನು ಅವರ ಹಾಳೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆಯಿರಿ. ಆ ವಾದ್ಯ ಅವರು ಕೂತ ಜಾಗಕ್ಕೆ ಕೇಳಿಸುವಂಥದ್ದಾಗಿರಬೇಕು, ಇದು ಮುಖ್ಯ. ಪುಟ ತಿರುಗಿಸುವುದೂ ಸುಮ್ಮನಿರುವ ಹೊತ್ತಿನಲ್ಲೇ ಬರುವಂತೆ ಹಾಳೆ ಜೋಡಿಸಿ. ಪಿಟೀಲಿನವರಿಗೆ ಮೂರನೆಯ ಕೈ ಇಲ್ಲ.

ದೂರವೂ ತೊಂದರೆ ಕೊಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ 10 ಮೀಟರಿಗೆ 29 ಮಿಲಿಸೆಕೆಂಡು. ದೊಡ್ಡ ವೇದಿಕೆಯ ಹಿಂದಿನ ಸಾಲಿನವರು ಮುಂದಿನ ಪಿಟೀಲು ಕೇಳಿ ನುಡಿಸಿದರೆ ಕೇಳುವಾಗ ಒಮ್ಮೆ, ಅವರ ದನಿ ಮುಂದೆ ಬರುವಾಗ ಇನ್ನೊಮ್ಮೆ ತಡವಾಗುತ್ತದೆ. ಅದಕ್ಕೇ ಕಿವಿಗಿಂತ ಕಂಡಕ್ಟರ್ ಕೈಯ ಕೋಲನ್ನು ನಂಬಬೇಕು.

ನೂರು ಎಲೆಯ ಪಂಕ್ತಿ

ವ್ಯಾಪಾರದಲ್ಲಿ ಆರ್ಕೆಸ್ಟ್ರೇಶನ್ ಎಂದರೇನು ಎಂದು ಕೇಳುವವರನ್ನು ಮದುವೆ ಛತ್ರದ ಊಟದ ಮನೆಗೆ ಕರೆದುಕೊಂಡು ಹೋಗಬೇಕು. ಒಂದು ಎಲೆಗೆ ಅನ್ನ ಬಡಿಸಿ ಮುಂದೆ ಸರಿಯಲು 4 ಸೆಕೆಂಡು ಎಂದಿಟ್ಟುಕೊಂಡರೆ 100 ಎಲೆಗೆ 400 ಸೆಕೆಂಡು, ಅಂದರೆ 6 ನಿಮಿಷ 40 ಸೆಕೆಂಡು. ಕೊನೆಯ ಎಲೆಗೆ ಬರುವಷ್ಟರಲ್ಲಿ ಮೊದಲ ಎಲೆಯ ಅನ್ನ ಆರಿರುತ್ತದೆ. ಇಬ್ಬರನ್ನು ನಡುವಿನಿಂದ ಎರಡು ಕಡೆಗೆ ಕಳಿಸಿದರೆ 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ.

ತೊವ್ವೆಯವರು ಅನ್ನದವರ ಹಿಂದೆ ಹತ್ತು ಎಲೆ ಬಿಟ್ಟು ಹೊರಡಲಿ, ತುಪ್ಪದವರು ಅವರ ಬೆನ್ನಿಗೇ. ಅಂತರ ಹತ್ತಕ್ಕಿಂತ ಕಡಿಮೆಯಾದರೆ ಮುಂದಿನವರು ಯಾರೊಂದಿಗೋ ‘ಇನ್ನು ಸ್ವಲ್ಪ ಹಾಕಿಸಿಕೊಳ್ಳಿ’ ಎಂದು ನಿಂತಾಗ ಹಿಂದಿನವರು ಬಕೆಟ್ ಹಿಡಿದು ಢಿಕ್ಕಿ ಹೊಡೆಯುತ್ತಾರೆ.

ಈಗ ಬಕೆಟ್. ಸಾರಿನ ಬಕೆಟ್ 12 ಲೀಟರಿನದು, ಸೌಟು 150 ಮಿಲಿಲೀಟರಿನದು ಎಂದರೆ 80 ಸೌಟು. ನೂರು ಎಲೆಯ ಸಾಲಿನಲ್ಲಿ 80ನೆಯ ಎಲೆಯ ಮುಂದೆ ಬಕೆಟ್ ಬರಿದಾಗುತ್ತದೆ, ಬಡಿಸುವವರು ಅಡುಗೆಮನೆಗೆ ಓಡುತ್ತಾರೆ, ಉಳಿದ 20 ಜನ ಒಣ ಅನ್ನ ಕಲಸುತ್ತಾ ಬಾಗಿಲ ಕಡೆ ನೋಡುತ್ತಾರೆ. 70ನೆಯ ಎಲೆಯ ಬಳಿ ತುಂಬಿದ ಬಕೆಟ್ ಮೊದಲೇ ಇಟ್ಟಿದ್ದರೆ ಈ ಓಟ ಇಲ್ಲ. ಅಡುಗೆ ಭಟ್ಟರಿಗೂ ಗಡಿಯಾರದ ಹೊತ್ತು ಹೇಳಬೇಡಿ, ಗುರುತು ಹೇಳಿ: ‘ಮೊದಲ ಪಂಕ್ತಿಗೆ ಹುಳಿ ಹೊರಟಾಗ ಎರಡನೆಯದರ ಹಪ್ಪಳ ಕರಿಯಲು ಶುರು ಮಾಡಿ.’ ಮುಹೂರ್ತ ಅರ್ಧ ಗಂಟೆ ಹಿಂದೆ ಮುಂದೆ ಆದರೂ ಗುರುತು ಕೆಡುವುದಿಲ್ಲ.

ಆನ್‌ಲೈನ್ ಆರ್ಡರ್: ವಾಪಸ್ ಹೋಗುವ ದಾರಿ ಮೊದಲು

ಹಂತಗಳು ಐದು: ಆರ್ಡರ್ ದಾಖಲು, ಸರಕನ್ನು ಕಾಯ್ದಿರಿಸುವುದು, ಹಣ ಪಡೆಯುವುದು, ಕೊರಿಯರ್ ಗೊತ್ತುಮಾಡುವುದು, ಗ್ರಾಹಕನಿಗೆ ಖಚಿತ ಸಂದೇಶ. ಪ್ರತಿ ಹಂತದ ಎದುರು ಅದನ್ನು ರದ್ದು ಮಾಡುವ ಕೆಲಸ ಬರೆಯಿರಿ. ಕಾಯ್ದಿರಿಸಿದ್ದಕ್ಕೆ ಬಿಡುಗಡೆ, ಹಣಕ್ಕೆ ರೀಫಂಡ್, ಕೊರಿಯರಿಗೆ ರದ್ದತಿ. ನಾಲ್ಕನೆಯದು ಕೈಕೊಟ್ಟರೆ ಮೂರನೆಯದರ ರದ್ದು, ಆಮೇಲೆ ಎರಡನೆಯದರ ರದ್ದು, ಹೀಗೆ ಹಿಂದಕ್ಕೆ. 1987ರಲ್ಲಿ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ಡೇಟಾಬೇಸುಗಳಿಗಾಗಿ ವಿವರಿಸಿದ ಈ ಕ್ರಮಕ್ಕೆ ಸಾಗಾ ಎಂದು ಹೆಸರು. ಎಸ್ಸೆಮ್ಮೆಸ್ಸನ್ನು ವಾಪಸ್ ಪಡೆಯಲಾಗದು, ಆದ್ದರಿಂದ ಅದು ಕೊನೆಯಲ್ಲಿರಬೇಕು.

ಹೆಚ್ಚು ಹಾನಿ ಆಗುವ ಜಾಗ ಟೈಮ್‌ಔಟ್. ಪೇಮೆಂಟ್ ಸೇವೆಗೆ 30 ಸೆಕೆಂಡು ಕಾದಿರಿ, ಉತ್ತರ ಬರಲಿಲ್ಲ. ಅದರ ಅರ್ಥ ‘ಹಣ ಕಡಿತವಾಗಿಲ್ಲ’ ಎಂದಲ್ಲ. ‘ಗೊತ್ತಿಲ್ಲ’ ಎಂದು ಮಾತ್ರ. 31ನೆಯ ಸೆಕೆಂಡಿಗೆ ಹಣ ಕಡಿತವಾಗಿರಬಹುದು. ನಿಮ್ಮ ಪ್ರೋಗ್ರಾಂ ಹೊಸ ಕೋರಿಕೆ ಕಳಿಸಿದರೆ ಗ್ರಾಹಕನ ಖಾತೆಯಿಂದ ಎರಡು ಸಲ ಹಣ ಹೋಗುತ್ತದೆ. ಪ್ರತಿ ಕೋರಿಕೆಯ ಜೊತೆ ಒಂದು ಗುರುತಿನ ಕೀ ಕಳಿಸಿ. ಅದೇ ಕೀ ಮತ್ತೆ ಬಂದರೆ ಪೇಮೆಂಟ್ ಸೇವೆ ಹಳೆಯ ಉತ್ತರವನ್ನೇ ಕೊಡುವಂತಿರಬೇಕು. ಈ ಕೀಯನ್ನು ಆರ್ಡರ್ ದಾಖಲಿಸುವಾಗಲೇ ಹುಟ್ಟಿಸಿ ಡೇಟಾಬೇಸಿನಲ್ಲಿ ಇಡಿ. ಪ್ರತಿ ಯತ್ನಕ್ಕೂ ಹೊಸದು ಹುಟ್ಟಿಸುವ ಕೋಡ್ ನೋಡಲು ಸರಿಯಾಗೇ ಕಾಣುತ್ತದೆ, ಉಪಯೋಗ ಮಾತ್ರ ಸೊನ್ನೆ.

ಮರುಯತ್ನಗಳ ನಡುವೆ 1, 2, 4, 8 ಸೆಕೆಂಡು ಬಿಡಿ, ಪ್ರತಿಯೊಂದಕ್ಕೂ ಸ್ವಲ್ಪ ಅಡ್ಡಾದಿಡ್ಡಿ ಸಮಯ ಸೇರಿಸಿ. ಇಲ್ಲದಿದ್ದರೆ ಬಿದ್ದ ಸೇವೆ ಏಳುವ ಹೊತ್ತಿಗೆ ಕಾಯುತ್ತಿದ್ದವರೆಲ್ಲ ಒಂದೇ ಕ್ಷಣಕ್ಕೆ ಬಾಗಿಲು ಬಡಿದು ಮತ್ತೆ ಬೀಳಿಸುತ್ತಾರೆ. ಸೇವೆಯ ಉತ್ತರದಲ್ಲಿ 503 (ಸೇವೆ ಸದ್ಯ ಲಭ್ಯವಿಲ್ಲ) ಅಥವಾ 429 (ಕೋರಿಕೆ ಅತಿಯಾಯಿತು) ಎಂಬ ಸಂಖ್ಯೆ ಬಂದರೆ ಮರುಯತ್ನ ಮಾಡಿ. 400 ಬಂದರೆ ಬೇಡ, ತಪ್ಪು ಕೋರಿಕೆ ನೂರು ಸಲ ಕಳಿಸಿದರೂ ತಪ್ಪೇ. ಐದು ಯತ್ನ, ತಲಾ 30 ಸೆಕೆಂಡು, ನಡುವಿನ ಕಾಯುವಿಕೆ 15 ಸೆಕೆಂಡು: ಒಟ್ಟು 165 ಸೆಕೆಂಡು. ಗ್ರಾಹಕ ಫೋನಿನಲ್ಲಿ ಪಿನ್ ಹಾಕುವ ಹೊತ್ತನ್ನೂ ಸೇರಿಸಿದರೆ ಸರಕನ್ನು 15 ನಿಮಿಷ ಕಾಯ್ದಿರಿಸುವುದು ಸುರಕ್ಷಿತ. ಎರಡೇ ನಿಮಿಷ ಇಟ್ಟರೆ ಹಣ ಬಂದಿರುತ್ತದೆ, ಸರಕು ಇನ್ನೊಬ್ಬರ ಪಾಲಾಗಿರುತ್ತದೆ. ಐದೂ ಯತ್ನ ಸೋತ ಆರ್ಡರ್, ಸೋತ ರೀಫಂಡ್ ಎರಡೂ ಒಬ್ಬ ಮನುಷ್ಯ ದಿನಾ ನೋಡುವ ಪಟ್ಟಿಗೆ ಬೀಳಬೇಕು.

ಬೇರೆ ಸೇವೆಗೆ ಹೋಗುವ ಪ್ರತಿ ಕೋರಿಕೆಯ ಮೊದಲೂ ಆಮೇಲೂ ಸ್ಥಿತಿಯನ್ನು ಡಿಸ್ಕಿಗೆ ಬರೆಯಿರಿ. ಪರೀಕ್ಷೆ ಸುಲಭ: ಐದು ಹಂತಗಳ ಹಿಂದೆ ಮುಂದೆ, ಒಟ್ಟು ಹತ್ತು ಕಡೆ ಪ್ರೋಗ್ರಾಮನ್ನು ಬೇಕೆಂದೇ ಕೊಂದು ಮತ್ತೆ ಎಬ್ಬಿಸಿ. ಹತ್ತರಲ್ಲೂ ಆರ್ಡರ್ ಒಂದೋ ಪೂರ್ತಿಯಾಗಬೇಕು, ಇಲ್ಲವೇ ಪೂರ್ತಿ ರದ್ದಾಗಬೇಕು.

ಕಂಟೇನರುಗಳಲ್ಲಿ ಓಡಿಸುವವರಿಗೆ

ಕಂಟೇನರು ಎಂದರೆ ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಗ್ರಿಯ ಜೊತೆ ಕಟ್ಟಿಟ್ಟ ಪೊಟ್ಟಣ. ಅವುಗಳನ್ನು ನಡೆಸಲು ಗೂಗಲ್ 2014ರಲ್ಲಿ ಹೊರತಂದ ಕುಬರ್ನೆಟಿಸ್ (ಗ್ರೀಕಿನಲ್ಲಿ ಚುಕ್ಕಾಣಿ ಹಿಡಿಯುವವನು) ಇದೇ ನಾಲ್ಕು ಕಾಲಂಗಳನ್ನು ಯಂತ್ರಗಳಿಗೆ ತುಂಬುತ್ತದೆ, ಮತ್ತು ನೀವು ಬರೆಯದಿದ್ದರೆ ತನ್ನದೇ ಅಂಕಿ ಹಾಕಿಕೊಳ್ಳುತ್ತದೆ. ಪ್ರೋಗ್ರಾಂ ಬದುಕಿದೆಯೇ ಎಂದು ನೋಡುವ ಲೈವ್‌ನೆಸ್ ಪರೀಕ್ಷೆ ಮಾಮೂಲಿಯಾಗಿ 10 ಸೆಕೆಂಡಿಗೊಮ್ಮೆ, ಉತ್ತರಕ್ಕೆ 1 ಸೆಕೆಂಡು, ಸತತ ಮೂರು ಸೋಲಾದರೆ ಕೊಂದು ಮರುಪ್ರಾರಂಭ. ಎದ್ದೇಳಲು ಒಂದು ನಿಮಿಷ ಬೇಕಾದ ಪ್ರೋಗ್ರಾಂ ಅರ್ಧ ನಿಮಿಷದೊಳಗೇ ಸತ್ತು, ಮತ್ತೆ ಎದ್ದು, ಮತ್ತೆ ಸಾಯುತ್ತದೆ. ಪ್ರತಿ ಸಲ ಕಾಯುವ ಅವಧಿ 10, 20, 40 ಸೆಕೆಂಡು ಎಂದು ಐದು ನಿಮಿಷದವರೆಗೆ ಬೆಳೆಯುತ್ತದೆ. ಎದ್ದಿದೆಯೇ ಎಂದು ಮಾತ್ರ ನೋಡುವ ಸ್ಟಾರ್ಟಪ್ ಪರೀಕ್ಷೆಗೆ 10 ಸೆಕೆಂಡಿನ 30 ಅವಕಾಶ ಕೊಟ್ಟರೆ ಎದ್ದೇಳಲು 300 ಸೆಕೆಂಡು ಸಿಗುತ್ತದೆ.

ಲೈವ್‌ನೆಸ್ ಪರೀಕ್ಷೆಯೊಳಗೆ ಡೇಟಾಬೇಸನ್ನು ಮುಟ್ಟಬೇಡಿ. ಡೇಟಾಬೇಸ್ ನಿಧಾನವಾದ ದಿನ ಆರೋಗ್ಯವಾಗಿರುವ ಎಲ್ಲ ಪ್ರೋಗ್ರಾಮುಗಳೂ ಒಟ್ಟಿಗೆ ಮರುಪ್ರಾರಂಭವಾಗಿ ಅದರ ಮೇಲೇ ಬೀಳುತ್ತವೆ. 137 ಎಂಬ ನಿರ್ಗಮನ ಸಂಖ್ಯೆಯೊಂದಿಗೆ (ಬಲವಂತವಾಗಿ ಕೊಲ್ಲಲಾಗಿದೆ ಎಂದರ್ಥ) ಪ್ರೋಗ್ರಾಂ ಸತ್ತಿದ್ದರೆ ಮೊದಲು ಮೆಮೊರಿಯ ಮಿತಿ ನೋಡಿ. ಹೊಸ ಆವೃತ್ತಿ ಹಾಕುವಾಗ ಕುಬರ್ನೆಟಿಸ್ ಹಳೆಯದಕ್ಕೆ ‘ಮುಗಿಸಿಕೊ’ ಎಂಬ ಸೂಚನೆ ಕೊಟ್ಟು 30 ಸೆಕೆಂಡು ಕಾಯುತ್ತದೆ, ಆಮೇಲೆ ಬಲವಂತವಾಗಿ ನಿಲ್ಲಿಸುತ್ತದೆ. ನಿಮ್ಮ ಒಂದು ಆರ್ಡರ್ ಮುಗಿಯಲು 165 ಸೆಕೆಂಡು ಹಿಡಿಯಬಹುದು ಎಂದು ಮೇಲೆ ಲೆಕ್ಕ ಹಾಕಿದ್ದೀರಿ. ಆ 30ನ್ನು 180 ಮಾಡಿ.