ಎರಡೂ ಕೈಯಲ್ಲಿ ಒಂದೇ ಗೊಂಬೆ: ಸಂಗ್ರಹಕಾರರು ಯಾರು, ಸ್ಕಾಲ್ಪರ್‌ಗಳು ಯಾರು ಅಂತ ನಾನು ಕಂಡುಕೊಂಡದ್ದು

"ಯಾರು ತಗೊಂಡ್ರೂ ದುಡ್ಡು ಅದೇ ತಾನೆ? ನಿನಗ್ಯಾಕೆ ಈ ಪತ್ತೇದಾರಿ ಕೆಲಸ?" ಅಂತ ನಮ್ಮ ಮಾಲೀಕರು ಹೆಚ್ಚುಕಡಿಮೆ ಮೂರು ವರ್ಷ ಕೇಳುತ್ತಲೇ ಇದ್ದರು. ಆಟಿಕೆ ವಿಭಾಗದಲ್ಲಿ ನಾನು ನೋಟ್‌ಬುಕ್ ಹಿಡಿದು ನಿಂತರೆ ಜೊತೆಯಲ್ಲಿ ಕೆಲಸ ಮಾಡುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಈ ಸಲದ ಸ್ಟಾಕ್ ಲೆಕ್ಕದ ದಿನ ಮಾಲೀಕರೇ ಆ ನೋಟ್‌ಬುಕ್ ತರಿಸಿಕೊಂಡು ಕೂತು ಓದಿದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು. ಇದೇ ಕೆಲಸದಲ್ಲಿರುವವರಿಗೆ ಗೊತ್ತಿರುವುದೇ, ಉಳಿದವರಿಗೆ ಒಂದೆರಡು ಮಾತು: ಎಲ್ಲರೂ ಹುಡುಕುವ ಗೊಂಬೆಯನ್ನು ಮೊದಲೇ ಎತ್ತಿಕೊಂಡು ಹೋಗಿ ಹೆಚ್ಚು ಬೆಲೆಗೆ ಮಾರುವವರು ಸ್ಕಾಲ್ಪರ್‌ಗಳು, ಅಂಗಡಿಗೆ ಬರುವ ಪೂರ್ತಿ ಪೆಟ್ಟಿಗೆ ಕೇಸ್, ಒಟ್ಟಿಗೆ ಬಿಡುಗಡೆಯಾಗುವ ಗೊಂಬೆಗಳ ಕಂತು ವೇವ್, ಕೇಸಿನಲ್ಲಿ ಬೇರೆಯವಕ್ಕಿಂತ ಕಡಿಮೆ ಬರುವ ಗೊಂಬೆ ಶಾರ್ಟ್‌ಪ್ಯಾಕ್. ಇನ್ನು ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡಿನ ಮಾತು. ಮಾಲೀಕರ ವಾದ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಎಂಟು ಗೊಂಬೆಗಳ ಒಂದು ಕೇಸ್ ಬಂತು ಅನ್ನಿ. ಅದರಲ್ಲಿ ಎಲ್ಲರೂ ಹುಡುಕುವ ಪಾತ್ರ ಒಂದೋ ಎರಡೋ. ಬಾಗಿಲು ತೆಗೆದ ಹತ್ತು ನಿಮಿಷಕ್ಕೆ ಸ್ಕಾಲ್ಪರ್ ಆ ಎರಡನ್ನು ಎತ್ತಿಕೊಂಡು ಹೋಗಿ ಆನ್‌ಲೈನ್‌ನಲ್ಲಿ ಮೂರು ಪಟ್ಟು ಬೆಲೆಗೆ ಹಾಕುತ್ತಾನೆ. ನಮ್ಮ ಗಲ್ಲಾಕ್ಕೆ ಎರಡರ ದುಡ್ಡು ಬಂತು, ಮಿಕ್ಕ ಆರು ಕೊಕ್ಕೆಯಲ್ಲೇ ಧೂಳು ತಿನ್ನುತ್ತ ಕೂತವು. ಆಮೇಲೆ ಬರುವ ಸಂಗ್ರಹಕಾರರಿಗೆ ಸೆಟ್ ಪೂರ್ತಿಯಾಗುವುದಿಲ್ಲ ಅಂತ ಗೊತ್ತಾದ ಮೇಲೆ ಆ ಆರನ್ನೂ ಮುಟ್ಟುವ ಮನಸ್ಸಾಗುವುದಿಲ್ಲ. ಎರಡು ಸಲ, ಮೂರು ಸಲ ಹೀಗೇ ಆದರೆ ನಮ್ಮ ಕಡೆ ಬರುವುದನ್ನೇ ಬಿಡುತ್ತಾರೆ. ಮೊದಲ ವರ್ಷ ಸುಮಾರು 40 ಕೇಸ್ ತರಿಸಿದ್ದೆವು, ಉಳಿದ ಗೊಂಬೆ 200ಕ್ಕೂ ಮೇಲೆ. ಅರ್ಧ ಬೆಲೆಗೆ ಇಳಿಸಿದರೂ ನೂರು ಖಾಲಿಯಾಗಲಿಲ್ಲ. ಹಾಕಿದ ಬಂಡವಾಳವೆಲ್ಲ ಆ ಕೊಕ್ಕೆಗಳಿಗೆ ನೇತುಬಿದ್ದಿತ್ತು. ಹಳೇ ವೇವ್ ಕರಗದೆ ಹೊಸ ವೇವ್ ಆರ್ಡರ್ ಮಾಡಲು ಮಾಲೀಕರು ಒಪ್ಪುತ್ತಿರಲಿಲ್ಲ. ಹೊಸದು ಬರದೆ ಗಿರಾಕಿ ಬರುತ್ತಿರಲಿಲ್ಲ.

ನಾನು ಮಾಡಿದ ಮೊದಲ ತಪ್ಪು, ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವವರೆಲ್ಲ ಸ್ಕಾಲ್ಪರ್‌ಗಳು ಅಂದುಕೊಂಡದ್ದು. ನಿಜವಾದ ಸಂಗ್ರಹಕಾರರೂ ಅಷ್ಟೇ ಬೇಗ ಬರುತ್ತಾರೆ, ಕೆಲಸಕ್ಕೆ ಹೋಗುವ ಮುಂಚೆ ಒಂದು ಕಣ್ಣು ಹಾಯಿಸಿ ಹೋಗೋಣ ಅಂತ. ಎರಡನೆಯದು ಫೋನ್. ಕೊಕ್ಕೆ ಮುಂದೆ ಫೋನ್ ತೆಗೆದವರ ಮೇಲೆಲ್ಲ ಅನುಮಾನ ಪಟ್ಟೆ. ಒಂದು ದಿನ ಒಬ್ಬ ತಾಯಿ ಪ್ಯಾಕಿನ ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದರು. ಹತ್ತಿರ ಹೋಗಿ ನಿಂತು ನೋಡಿದರೆ, ಮನೆಯಲ್ಲಿ ಜ್ವರ ಬಂದು ಮಲಗಿದ್ದ ಮಗನಿಗೆ ಕಳಿಸಿ "ಇದಾ ಕಂದಾ? ಇದಾ?" ಅಂತ ಕೇಳುತ್ತಿದ್ದರು. ಅವತ್ತೇ ಫೋನಿನ ಲೆಕ್ಕ ಬಿಟ್ಟೆ.

ಮೂರನೆಯದು ಎಲ್ಲರೂ ಮಾಡುವುದೇ: ತಲೆಗೊಂದು. ಸ್ಕಾಲ್ಪರ್ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದ, ಐದು ತಲೆ, ಐದು ಗೊಂಬೆ, ಐದು ಬೇರೆ ಬೇರೆ ಬಿಲ್. ನಾನು ಬಾಯಿ ಮುಚ್ಚಿಕೊಂಡು ಬಿಲ್ ಹಾಕಬೇಕಾಯಿತು.

ನಾಲ್ಕನೆಯ ತಪ್ಪು ಇವತ್ತಿಗೂ ಚುಚ್ಚುತ್ತದೆ. ಪ್ಯಾಕನ್ನು ಕೌಂಟರ್‌ನಲ್ಲೇ ಕತ್ತರಿಸಿ ಕೊಡುವ ನಿಯಮ ತಂದೆ. ಒಡೆದ ಪ್ಯಾಕ್‌ಗೆ ಮರುಮಾರಾಟದಲ್ಲಿ ಬೆಲೆ ಬಿದ್ದುಹೋಗುತ್ತದೆ, ಸ್ಕಾಲ್ಪರ್ ತಾನಾಗಿಯೇ ದೂರ ಸರಿಯುತ್ತಾನೆ ಅನ್ನುವ ಲೆಕ್ಕಾಚಾರ. ಸರಿದರು, ನಿಜ. ಆದರೆ ನಮ್ಮಲ್ಲಿ ವರ್ಷಗಟ್ಟಲೆ ಕೊಂಡ ಹಿರಿಯರೊಬ್ಬರಿದ್ದರು, ಗೊಂಬೆಯನ್ನು ಅದರ ಹಿಂದಿನ ರಟ್ಟಿನ ಕಾರ್ಡಿನಿಂದ ಬಿಡಿಸದೆ ಹಾಗೇ ಗೋಡೆಗೆ ತೂಗುಹಾಕುವವರು. ನಾನು ಕತ್ತರಿ ಕೈಗೆತ್ತಿಕೊಂಡಾಗ ಅವರು ಕಾರ್ಡಿನ ಮೂಲೆ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡರು. "ಬೇಡ ಬಿಡಪ್ಪ" ಅಂದು, ಗೊಂಬೆಯನ್ನು ಕೊಕ್ಕೆಗೇ ವಾಪಸ್ ಸಿಕ್ಕಿಸಿ ಹೋದರು. ಆರು ತಿಂಗಳು ಅವರ ಸುಳಿವಿರಲಿಲ್ಲ. ನಿಯಮವನ್ನು ಒಂದೇ ವಾರದಲ್ಲಿ ತೆಗೆದುಹಾಕಿದೆ, ಆದರೆ ಅವರಿಗೆ ಗೊತ್ತಾಗಬೇಕಲ್ಲ.

ದಾರಿ ತೋರಿಸಿದ್ದು ನಾನೇ ಗದರಿಸಿ ಕಳಿಸಲು ಹೊರಟಿದ್ದ ಒಬ್ಬ ಹುಡುಗ. ಒಂದೇ ಥರದ ಸೈನಿಕನ ಗೊಂಬೆ 14 ತಂದು ಕೌಂಟರ್ ಮೇಲಿಟ್ಟ. "ಇಷ್ಟೊಂದು ಕೊಡೋಕಾಗಲ್ಲ" ಅಂದೆ, ಸ್ವಲ್ಪ ಜೋರಾಗಿಯೇ. ಅವನು ಜಗಳಕ್ಕೆ ಬರಲಿಲ್ಲ. ಫೋನಿನಲ್ಲಿ ತನ್ನ ಮನೆಯ ಕಪಾಟಿನ ಫೋಟೋ ತೋರಿಸಿದ. ಅದೇ ಸೈನಿಕರು, ಸಾಲುಸಾಲಾಗಿ, ಹತ್ತಿರ ಹತ್ತಿರ ಅರವತ್ತು. ಸೈನ್ಯ ಕಟ್ಟುವವರು ಇರುತ್ತಾರೆ ಅಂತ ಕೇಳಿದ್ದೆ, ಎದುರಿಗೆ ನೋಡಿದ್ದು ಅದೇ ಮೊದಲು. ನಾನು ಕ್ಷಮೆ ಕೇಳಿದೆ. ಬಿಲ್ ಹಾಕುವಾಗ ಅವನು 14ನ್ನೂ ಎರಡೆರಡಾಗಿ ಎತ್ತಿ, ಬಲಗೈಯದನ್ನೂ ಎಡಗೈಯದನ್ನೂ ಮುಖದ ಮಟ್ಟಕ್ಕೆ ಹಿಡಿದು ಹೋಲಿಸುತ್ತಿದ್ದ. ಎರಡು ಗೊಂಬೆಗಳ ಶಿರಸ್ತ್ರಾಣದ ಕಪ್ಪು ಗೆರೆ ಕೂದಲೆಳೆಯಷ್ಟು ಸೊಟ್ಟಗಿತ್ತು. ಅವನ್ನು ಬದಿಗಿಟ್ಟು 12 ತೆಗೆದುಕೊಂಡ.

ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಎಷ್ಟು ಕೊಳ್ಳುತ್ತಾರೆ ಅನ್ನುವುದನ್ನು ಬಿಡು, ಕೈ ನೋಡು. ಸಂಗ್ರಹಕಾರ ಒಂದೇ ಥರದ ಎರಡರಲ್ಲಿ ಒಂದನ್ನು ಆರಿಸುತ್ತಾನೆ. ಸ್ಕಾಲ್ಪರ್‌ಗೆ ಆ ಎರಡೂ ಒಂದೇ, ಎರಡನ್ನೂ ಬುಟ್ಟಿಗೆ ಹಾಕುತ್ತಾನೆ. ಅವನೂ ಪ್ಯಾಕ್ ತಿರುಗಿಸಿ ನೋಡುತ್ತಾನೆ, ಆದರೆ ನೋಡುವುದು ಕಾರ್ಡಿನ ಮೂಲೆ ಮಡಚಿದೆಯೇ, ಪ್ಲಾಸ್ಟಿಕ್ ಗುಳ್ಳೆ ಬಿರುಕು ಬಿಟ್ಟಿದೆಯೇ ಅಂತ. ಗೊಂಬೆಯ ಕಣ್ಣಿನ ಬಣ್ಣ ಆಚೀಚೆ ಆಗಿದೆಯೇ, ಹುಬ್ಬು ಸಮ ಇದೆಯೇ ಅಂತ ನೋಡುವುದಿಲ್ಲ. ಪ್ಯಾಕ್ ಬಿಡಿಸದೆ ಇಡುವ ಸಂಗ್ರಹಕಾರರು ಮೂಲೆಯನ್ನೂ ನೋಡುತ್ತಾರೆ, ಮುಖವನ್ನೂ ನೋಡುತ್ತಾರೆ. ಮೂಲೆ ಮಾತ್ರ ನೋಡಿದವರ ಹೆಸರಿನ ಮುಂದೆ ಚುಕ್ಕೆ ಇಡತೊಡಗಿದೆ.

ಇದು ನಿಜವೋ ನನ್ನ ಭ್ರಮೆಯೋ ಅಂತ ತಿಳಿಯಬೇಕಿತ್ತು. ಬೆಲೆಯ ಚೀಟಿಯ ಮೇಲೆ ನಾನೊಂದು ಸಣ್ಣ ಗುರುತು ಮಾಡಲು ಶುರುಮಾಡಿದೆ. ಅದು ಯಾವುದು, ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಅವರೂ ಇರುತ್ತಾರೆ. ಗೊಂಬೆ ಹೋದಾಗ ನೋಟ್‌ಬುಕ್ಕಿನಲ್ಲಿ ನನ್ನ ಊಹೆ ಬರೆಯುವುದು, ಎರಡು ವಾರ ಬಿಟ್ಟು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬಂದ ಫೋಟೋಗಳಲ್ಲಿ ನನ್ನ ಗುರುತು ಹುಡುಕುವುದು. ಅರ್ಜೆಂಟಿನಲ್ಲಿರುವ ಸ್ಕಾಲ್ಪರ್ ಚೀಟಿ ಕೀಳುವ ಗೋಜಿಗೂ ಹೋಗುವುದಿಲ್ಲ, ಕಾರ್ಡ್ ಹರಿದೀತು ಅನ್ನುವ ಭಯ ಬೇರೆ. ಮೊದಲ ತಿಂಗಳು ಹತ್ತರಲ್ಲಿ ಐದು ಊಹೆ ಸರಿ, ಅಂದರೆ ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಕೈ ನೋಡಲು ಕಲಿತ ಮೇಲೆ ಏಳಕ್ಕೆ ಬಂತು. ಈಗ ಎಂಟು, ಒಂದೊಂದು ತಿಂಗಳು ಒಂಬತ್ತು. ನನಗೆ ಗೊತ್ತಿರುವ ಮಟ್ಟಿಗೆ ಬರೀ ಕಣ್ಣಳತೆಯಲ್ಲಿ ಇಷ್ಟು ಸಾಧಿಸಿದವರು ಇನ್ನೊಬ್ಬರಿಲ್ಲ.

ಏಳರಿಂದ ಎಂಟಕ್ಕೆ ಏರಿಸಿದ್ದು ಒಂದು ಪ್ರಶ್ನೆ. ಕೊಕ್ಕೆ ಸರಿಮಾಡುತ್ತ, ಮಾತಿಗೆ ಅನ್ನುವ ಹಾಗೆ ಕೇಳುತ್ತೇನೆ: "ಈ ಸಾಲಿನಲ್ಲಿ ನಿಮಗೆ ಇನ್ನೂ ಸಿಗದೇ ಇರೋದು ಯಾವುದು ಸಾರ್?" ಸಂಗ್ರಹಕಾರರಾದರೆ ಮುಖ ಅರಳುತ್ತದೆ, ಇಲ್ಲ ಬಾಡುತ್ತದೆ. ಯಾವ ವರ್ಷ ತಪ್ಪಿಹೋಯಿತು, ಯಾರ ಹತ್ತಿರ ಇದೆ, ಯಾಕೆ ಕೊಡಲಿಲ್ಲ, ಎಲ್ಲ ಬರುತ್ತದೆ. ಅವರು ಹೇಳುವ ಹೆಸರು ಎಷ್ಟೋ ಸಲ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ಯಾವುದೋ ಮೂಲೆಯ ಪಾತ್ರದ್ದಾಗಿರುತ್ತದೆ. ಸ್ಕಾಲ್ಪರ್ ಹೇಳುವುದು ಆ ವಾರ ಯಾವುದಕ್ಕೆ ರೇಟ್ ಏರಿದೆಯೋ ಅದೇ ಹೆಸರು. "ಯಾವುದು ಸಿಕ್ಕರೂ ನಡೆಯುತ್ತೆ" ಅಂದವರೂ ಇದ್ದಾರೆ. ಇದರ ಜೊತೆಗೆ ಮೂರನೇ ಕೊಕ್ಕೆಗೆ ನಾನು ಒಂದು ಹಳೇ ಪೀಸ್ ಸಿಕ್ಕಿಸಿ ಇಡುತ್ತೇನೆ. ಅದು ಯಾವುದು, ಅದರ ಮುಂದೆ ಯಾರು ಏನು ಮಾಡಿದರೆ ಏನರ್ಥ ಅನ್ನುವುದು ನನ್ನ ಹತ್ತಿರವೇ ಇರಲಿ.

ಆಟಿಕೆ ಕಾರುಗಳ ವಿಷಯದಲ್ಲಿ ಕೈಯ ಲಕ್ಷಣ ಬೇರೆ. ಹಾಟ್ ವೀಲ್ಸ್ 1968ರಿಂದ ಇದೆ, ಅದರ ಅಪರೂಪದ ಕಾರುಗಳ ಸಾಲು ಟ್ರೆಷರ್ ಹಂಟ್ ಬಂದದ್ದು 1995ರಲ್ಲಿ, ಈಗ ಎಲ್ಲರೂ ಬೆನ್ನು ಹತ್ತಿರುವ, ಇನ್ನೂ ಅಪರೂಪದ ಸೂಪರ್ ಟ್ರೆಷರ್ ಹಂಟ್ 2007ರಿಂದ. ಮಾಮೂಲಿ ಸಾಲಿನ ಕಾರುಗಳಿಗೆಲ್ಲ ಬಾರ್‌ಕೋಡ್ ಒಂದೇ ಆದ್ದರಿಂದ ಸ್ಕ್ಯಾನ್ ಮಾಡಿ ಹುಡುಕಲಾಗದು. ಸೂಪರ್‌ನ ಗುರುತುಗಳಾದ ರಬ್ಬರ್ ಚಕ್ರ, ಹೊಳೆಯುವ ಬಣ್ಣ, ಕಾರಿನ ಹಿಂದೆ ಕಾರ್ಡಿನ ಮೇಲೆ ಅಡಗಿರುವ ಬಂಗಾರದ ಬಣ್ಣದ ಜ್ವಾಲೆ, ಇವನ್ನು ಕಣ್ಣಿನಿಂದಲೇ ಹಿಡಿಯಬೇಕು. ಸ್ಕಾಲ್ಪರ್ ಕಾರ್ಡ್‌ಗಳನ್ನು ನೋಟಿನ ಕಂತೆ ಎಣಿಸುವ ಹಾಗೆ ಹೆಬ್ಬೆರಳಲ್ಲಿ ಸರಸರನೆ ಸರಿಸುತ್ತಾನೆ. ಒಂದು ಕೇಸಿನ 72 ಕಾರು ಒಂದೇ ನಿಮಿಷದಲ್ಲಿ ಮುಗಿಸಿದವನನ್ನು ನೋಡಿದ್ದೇನೆ. ಜ್ವಾಲೆ ಕಂಡಲ್ಲಿ ಬಿಟ್ಟರೆ ಆ ಬೆರಳು ಎಲ್ಲೂ ನಿಲ್ಲಲಿಲ್ಲ. ಸಂಗ್ರಹಕಾರರ ಬೆರಳು ಯಾವುದೋ ಮಾಮೂಲಿ ಕಾರಿನ ಮೇಲೂ ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ನಿಲ್ಲುತ್ತದೆ.

ಒಳಗೇನಿದೆ ಕಾಣದ ಪೆಟ್ಟಿಗೆಗಳ ಮೇಲೂ ಪ್ರಯೋಗ ಮಾಡಿದೆ. ಲೆಗೋ ಪುಟ್ಟ ಗೊಂಬೆಗಳು ಚೀಲದಲ್ಲಿ ಬರುತ್ತಿದ್ದಾಗ ಒಬ್ಬೊಬ್ಬರು ಅರ್ಧ ಗಂಟೆ ಕಣ್ಣು ಮುಚ್ಚಿ ಹಿಸುಕಿ ಒಳಗಿನ ಟೊಪ್ಪಿಗೆಯ ಆಕಾರ ಹಿಡಿಯುತ್ತಿದ್ದರು. ಅಷ್ಟು ಹೊತ್ತು ಹಿಸುಕಿ ಒಂದೇ ಕೊಂಡು ಹೋದರೆ ಅವರು ಸಂಗ್ರಹಕಾರರೇ, ಅನುಮಾನ ಬೇಡ. 2023ರಲ್ಲಿ ಚೀಲ ಹೋಗಿ ರಟ್ಟಿನ ಪೆಟ್ಟಿಗೆ ಬಂತು, ಆ ಲಕ್ಷಣವೂ ಹೋಯಿತು. ಪೆಟ್ಟಿಗೆ ತೂಗಿ ಗುಟ್ಟಿನ ಗೊಂಬೆ ಹುಡುಕಲು ಪುಟಾಣಿ ತಕ್ಕಡಿ ತರುವವರೂ ಇದ್ದಾರೆ. ನಾನೂ ಒಂದು ಕೊಂಡು ಸುಮಾರು 30 ಪೆಟ್ಟಿಗೆ ತೂಗಿ ನೋಡಿದೆ, ಹತ್ತು ಸರಿ ಬಂದಿದ್ದರೆ ಹೆಚ್ಚು. ಆ ದುಡ್ಡು ದಂಡ.

ಗುರುತಿಸಿದ ಮೇಲೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಯಾರನ್ನೂ ಬೈಯುವುದಿಲ್ಲ, ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದೂ ಇಲ್ಲ. ಕೊಂಡದ್ದನ್ನು ಮಾರುವುದು ಅಪರಾಧವಲ್ಲ, ನನ್ನ ಊಹೆ ಹತ್ತರಲ್ಲಿ ಒಂದೆರಡು ಸಲ ಈಗಲೂ ತಪ್ಪುತ್ತದೆ. ಡಬಲ್ ಬಂದದ್ದನ್ನು ಮಾರಿ ಮುಂದಿನದಕ್ಕೆ ದುಡ್ಡು ಹೊಂದಿಸುವ ಸಂಗ್ರಹಕಾರರೂ ಬೇಕಾದಷ್ಟಿದ್ದಾರೆ, ಅವರನ್ನು ನಾನು ಸ್ಕಾಲ್ಪರ್ ಅನ್ನುವುದಿಲ್ಲ. ಹೊಸ ಕೇಸನ್ನು ಒಟ್ಟಿಗೆ ಕೊಕ್ಕೆಗೆ ಹಾಕುವುದು ಬಿಟ್ಟೆ, ಅಷ್ಟೇ. ಮೂರು ಭಾಗ ಮಾಡಿ ದಿನ, ಹೊತ್ತು ಬದಲಿಸಿ ಹಾಕುತ್ತೇನೆ. ಮುಖ ನೋಡುವ ಗಿರಾಕಿಗಳಿಗೆ ಚೀಟಿ ಬರೆದು ಒಂದೊಂದು ಎತ್ತಿಡುತ್ತೇನೆ. ಶಾರ್ಟ್‌ಪ್ಯಾಕ್ ತಲೆಗೊಂದೇ, ಸೈನಿಕರಿಗೆ ಲೆಕ್ಕವಿಲ್ಲ. ದೊಡ್ಡ ದೊಡ್ಡ ಅಂಗಡಿಗಳೇ ಇಂಥ ನೂಕುನುಗ್ಗಲಿಗೆ ಸೋತದ್ದನ್ನು ನೋಡಿದ್ದೇವೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಟಾರ್ಗೆಟ್ ಕಂಪನಿ ತನ್ನ ಮಳಿಗೆಗಳಲ್ಲಿ ಪೋಕೆಮಾನ್ ಕಾರ್ಡ್ ಮಾರುವುದನ್ನೇ ಕೆಲಕಾಲ ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪಾಪ್ ಮಾರ್ಟ್ ಆಟಿಕೆ ಮಳಿಗೆಗಳಲ್ಲಿ ಲಬುಬು ಗೊಂಬೆಗಳ ಮಾರಾಟ ಕೆಲಕಾಲ ನಿಂತಿತು. ನಾನು ಒಂದು ದಿನವೂ ನಿಲ್ಲಿಸಿಲ್ಲ.

ಎರಡನೇ ವರ್ಷದ ಕೊನೆಗೆ ಕೇಸಿಗೆ ಆರು ಉಳಿಯುತ್ತಿದ್ದುದು ಮೂರಕ್ಕೆ ಇಳಿಯಿತು, ಈಗ ಎರಡೂ ಉಳಿಯುವುದಿಲ್ಲ. ಬೇಕಾದ ಪಾತ್ರ ಸಿಕ್ಕವರು ಸೆಟ್ ಪೂರ್ತಿ ಮಾಡಲು ಬೇಡದ್ದನ್ನೂ ಕೊಳ್ಳುತ್ತಾರೆ. ಮಾಲೀಕರು ಓದಿದ ಪುಟ ಅದೇ.

ವಾಪಸಾತಿಯ ಬಗ್ಗೆಯೂ ಹೇಳಬೇಕು, ನಷ್ಟದ ದೊಡ್ಡ ತೂತು ಅಲ್ಲೇ ಇತ್ತು. ರೇಟ್ ಏರುತ್ತದೆ ಅಂತ 12 ಕೊಂಡವನು, ಇಳಿದ ಕೂಡಲೇ 9 ತಂದು ದುಡ್ಡು ವಾಪಸ್ ಕೇಳುತ್ತಾನೆ. ಅಷ್ಟು ದಿನ ನಮ್ಮ ಅಂಗಡಿಯೇ ಅವನಿಗೆ ಬಾಡಿಗೆಯಿಲ್ಲದ ಗೋದಾಮು. ಅದಕ್ಕಿಂತ ಕೆಟ್ಟದ್ದು ಅದಲುಬದಲು: ಹೊಸ ಗೊಂಬೆ ತೆಗೆದು, ಹಳೇ ಮುರುಕು ಗೊಂಬೆ ಒಳಗಿಟ್ಟು, ಗುಳ್ಳೆಗೆ ಅಂಟು ಹಾಕಿ ತರುವುದು. ಒಂದೇ ವರ್ಷದಲ್ಲಿ 15ರಷ್ಟು ಪೀಸ್ ಹೀಗೆ ಹೋದವು. ಗುಳ್ಳೆಯ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಾರ್ಖಾನೆಯ ಅಂಟು ಒಂದೇ ಅಗಲದಲ್ಲಿ ಮಟ್ಟಸವಾಗಿ ಕಾಣುತ್ತದೆ, ಕೈಯಲ್ಲಿ ಹಾಕಿದ ಅಂಟು ಅಲ್ಲಲ್ಲಿ ಗುಳಿಬಿದ್ದು ಹಳದಿಯಾಗಿರುತ್ತದೆ. ಈಗ ಕೌಂಟರ್‌ನ ಹುಡುಗರಿಗೆಲ್ಲ ಇದನ್ನು ಕಲಿಸಿದ್ದೇನೆ.

ಇತ್ತೀಚೆಗೆ ಒಬ್ಬಿಬ್ಬರು ಸ್ಕಾಲ್ಪರ್‌ಗಳು ಎರಡೂ ಕೈಯಲ್ಲಿ ಗೊಂಬೆ ಹಿಡಿದು ಮುಖ ಹೋಲಿಸುವ ಹಾಗೆ ಮಾಡಲು ಕಲಿತಿದ್ದಾರೆ. ಆದರೆ ಸೊಟ್ಟ ಹುಬ್ಬಿನದನ್ನು ಕೊಕ್ಕೆಗೆ ವಾಪಸ್ ಸಿಕ್ಕಿಸುವುದಿಲ್ಲ, ಅದನ್ನೂ ಬುಟ್ಟಿಗೇ ಹಾಕುತ್ತಾರೆ. ಮೊನ್ನೆ ಬಂದ ವೇವ್‌ನಲ್ಲಿ ಎರಡು ಸೊಟ್ಟ ಮುಖದವನ್ನು ಬೇಕೆಂದೇ ಮುಂದೆ ಹಾಕಿಟ್ಟಿದ್ದೇನೆ.