ಪಾರ್ಕಿನ್ಸನ್ ಇರುವವರ ಕಾಲು ಬಾಗಿಲಲ್ಲಿ ನಿಂತುಬಿಟ್ಟರೆ
ಪಾರ್ಕಿನ್ಸನ್ ಇರುವ ಹಿರಿಯರ ಕಾಲು ಬಾಗಿಲ ಹತ್ತಿರ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತದಾ? ಅಲ್ಲಿ ನೆಲಕ್ಕೆ ಬಣ್ಣದ ಟೇಪನ್ನು ಅಡ್ಡಡ್ಡ, ಒಂದೊಂದು ಹೆಜ್ಜೆ ಅಂತರದಲ್ಲಿ ಅಂಟಿಸಿ, ಒಂದೊಂದೇ ಪಟ್ಟಿ ದಾಟಿ ಬನ್ನಿ ಅನ್ನಿ. ಕೈ ಹಿಡಿದು ಮಾತ್ರ ಎಳೆಯಬೇಡಿ, ಬಿದ್ದುಬಿಡುತ್ತಾರೆ. ನಮ್ಮ ಮೈಸೂರಿನ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಬಿಳಿ ಟೇಪೇ ಸರಿ, ಎದ್ದು ಕಾಣಬೇಕು ಅಲ್ವಾ. ಈ ಕಾಯಿಲೆಯಲ್ಲಿ ಯೋಚಿಸದೆ ತಾನಾಗಿ ನಡೆಯುವುದು ಕೈಕೊಡುತ್ತದೆ, ಆದರೆ ಕಣ್ಣಿಗೊಂದು ಗುರಿ ಸಿಕ್ಕರೆ ಮಿದುಳು ಬೇರೆ ದಾರಿಯಿಂದ ಕಾಲು ಎತ್ತಿಸುತ್ತದೆ; ಸಮ ನೆಲದಲ್ಲಿ ತಡವರಿಸುವ ಕೆಲವರು ಮೆಟ್ಟಿಲು ಸಲೀಸಾಗಿ ಹತ್ತುವುದೂ ಇದಕ್ಕೇ. ಕತ್ತಲಲ್ಲಿ, ಮರೆವು ಜಾಸ್ತಿ ಇರುವವರಲ್ಲಿ ಇದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಟೇಪಿನ ಅಂಚು ಎದ್ದರೆ ತಕ್ಷಣ ಬದಲಾಯಿಸಿ, ಎಡವಿಸುವುದು ಅದೇ.